ಕೀಲುನೋವಿಗೆ ಯಾವ ಚಿತ್ರ, ಎಲ್ಲಿಯ ಚಿತ್ರ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಬೆಟಗೇರಿಯ ನಮ್ಮ ಓಣಿಯಲ್ಲಿ ‘ಸಂಧಿವಾತ ಉಚಿತ ತಪಾಸಣೆ’ ಎಂಬ ಬ್ಯಾನರ್ ಕಟ್ಟಿ ಒಂದು ಶಿಬಿರ ನಡೆಸಿದರು. ಬಂದವರೆಲ್ಲ ಸರದಿಯಲ್ಲಿ ನಿಂತು ಒಂದು ಚಿಕ್ಕ ಯಂತ್ರದೊಳಗೆ ಹಿಮ್ಮಡಿ ಇಟ್ಟರು. ಅದು ಒಂದು ಅಂಕಿ ಮುದ್ರಿಸಿದ ಚೀಟಿ ಕೊಟ್ಟಿತು. ಅಂಕಿ ಚೆನ್ನಾಗಿ ಬಂದವರು ತಮಗೆ ಸಂಧಿವಾತ ಇಲ್ಲವೆಂದು ನೆಮ್ಮದಿಯಿಂದ ಮನೆಗೆ ಹೋದರು. ಆ ಯಂತ್ರ ಹಿಮ್ಮಡಿಯ ಎಲುಬಿನ ಮೂಲಕ ಶಬ್ದತರಂಗ ಹಾಯಿಸಿ ಎಲುಬು ಎಷ್ಟು ಗಟ್ಟಿ ಎಂದು ಅಂದಾಜು ಮಾಡುವಂಥದ್ದು. ಎಲುಬು ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಕಾಯಿಲೆಯ ಅಪಾಯದ ಬಗ್ಗೆ ಅದು ಒಂದಿಷ್ಟು ಸುಳಿವು ಕೊಡಬಲ್ಲದು. ಬೆರಳಿನ, ಮಣಿಕಟ್ಟಿನ, ಸೊಂಟದ ಕೀಲುಗಳ ಬಗ್ಗೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಶಿಬಿರ ಮಾಡಿದವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಬ್ಯಾನರಿನ ಮಾತಿಗೂ ಯಂತ್ರದ ಕೆಲಸಕ್ಕೂ ತಾಳೆ ಇರಲಿಲ್ಲ. ನೆರೆಮನೆಯ ಹೆಣ್ಣುಮಗಳೊಬ್ಬರು ಅದೇ ಚೀಟಿಯನ್ನು ನನಗೆ ತೋರಿಸಲು ತಂದದ್ದರಿಂದ ಈ ಪತ್ರ ಬರೆಯಬೇಕಾಯಿತು.

ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಭಾಗದ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಫಿಲ್ಮನ್ನು ಡೆವಲಪರಿನಲ್ಲಿ ಅದ್ದಿ, ಹೈಪೋದಲ್ಲಿ ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ ಕಾಲದಿಂದ ಹಿಡಿದು, ಒಂದು ಗುಂಡಿ ಒತ್ತಿದರೆ ಚಿತ್ರ ನೇರವಾಗಿ ಪರದೆಗೆ ಬರುವ ಕಾಲದವರೆಗೆ ಈ ಕಸುಬನ್ನು ಮಾಡಿದ್ದೇನೆ. ರೋಗ ಯಾವುದು, ಮದ್ದು ಯಾವುದು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಯಾವ ಚಿತ್ರದಲ್ಲಿ ಏನು ಕಾಣುತ್ತದೆ, ಏನು ಕಾಣುವುದೇ ಇಲ್ಲ ಎಂಬುದನ್ನು ಸಾವಿರಾರು ಕೈಕಾಲುಗಳನ್ನು ಪ್ಲೇಟಿನ ಮೇಲೆ ಇಟ್ಟು ಕಲಿತಿದ್ದೇನೆ.

ಆ ಹೆಣ್ಣುಮಗಳ ತಕರಾರು ಹೀಗಿತ್ತು: “ಮುಂಜಾನೆ ರೊಟ್ಟಿ ಬಡಿಲಿಕ್ಕೆ ಬರಂಗಿಲ್ರೀ, ಹತ್ತು ಹೊಡದ ಮ್ಯಾಲೆ ಕೈ ಸಡ್ಲ ಆಗ್ತಾವು.” ಎದ್ದ ಮೇಲೆ ತಾಸುಗಟ್ಟಲೆ ಕೈ ಬಿಗಿದಿರುವುದು, ಕೆಲಸ ಮಾಡುತ್ತ ಹೋದಂತೆ ಸಡಿಲಾಗುವುದು, ಎರಡೂ ಕೈಯ ಬೆರಳುಗಳ ಬುಡದ ಗೆಣ್ಣುಗಳು ಬಾತಿರುವುದು, ಇವು ಸವೆತದ ನೋವಿನ ಲಕ್ಷಣಗಳಲ್ಲ, ಉರಿಯೂತದ ಲಕ್ಷಣಗಳು ಎಂದು ಯಾವ ವೈದ್ಯರಾದರೂ ಹೇಳಿಯಾರು. ಸವೆದ ಕೀಲು ದುಡಿದಷ್ಟೂ ನೋಯುತ್ತದೆ, ಕೂತರೆ ಸುಮ್ಮನಾಗುತ್ತದೆ. ಅದರ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ತಾಸು ದಾಟುವುದಿಲ್ಲ. ಆಕೆಯ ಬಳಿ ಆರು ತಿಂಗಳ ಹಿಂದಿನ ಒಂದು ಎಕ್ಸ್‌ರೇಯೂ ಇತ್ತು. ಕೋರಿಕೆ ಚೀಟಿಯಲ್ಲಿ ‘ಬಲಗೈ ನೋವು’ ಎಂಬ ಎರಡೇ ಪದ. ಚಿತ್ರ ಒಂದೇ ಕೈಯದು. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳ ಮೇಲೆ ಹಸಿರು ಬಳೆಗಳ ನೆರಳು ಅಡ್ಡಡ್ಡ ಬಿದ್ದಿತ್ತು, ಏಕೆಂದರೆ ಗಾಜು ಕಿರಣಗಳನ್ನು ತಡೆಯುತ್ತದೆ. ಕೆಳಗೆ ವರದಿ: ‘ನಾರ್ಮಲ್’. ಆ ಒಂದು ಪದದ ಭರವಸೆಯ ಮೇಲೆ ಆಕೆ ಆರು ತಿಂಗಳು ನೋವಿನ ಗುಳಿಗೆ ನುಂಗುತ್ತ ಕಳೆದಿದ್ದರು.

ಎಕ್ಸ್‌ರೇ ಸುಳ್ಳು ಹೇಳಿರಲಿಲ್ಲ; ಅದನ್ನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. 1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದು, ಅದೇ ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಅದರಲ್ಲಿ ಎದ್ದು ಕಾಣುವುದು ಎರಡೇ ವಸ್ತು: ಎಲುಬು ಮತ್ತು ಬೆರಳಿನ ಉಂಗುರ. ನಮ್ಮ ಕಸುಬಿನ ಮೊಟ್ಟಮೊದಲ ಕೈಚಿತ್ರದಲ್ಲೇ ಒಡವೆ ತೆಗೆದಿರಲಿಲ್ಲ ಎಂದು ನಾವು ತಂತ್ರಜ್ಞರು ನಗುವುದುಂಟು. ಆದರೆ ಸಂಧಿವಾತದ ಉರಿಯೂತ ಶುರುವಾಗುವುದು ಎಲುಬಿನಲ್ಲಲ್ಲ. ಕೀಲಿನ ಚೀಲದ ಒಳಮೈಗೆ ಸೈನೋವಿಯಂ ಎಂಬ ತೆಳುವಾದ ಪೊರೆಯ ಅಸ್ತರಿ ಇರುತ್ತದೆ. ಆರೋಗ್ಯವಂತರಲ್ಲಿ ಆ ಅಸ್ತರಿಯ ಮೇಲ್ಪದರ ಒಂದೆರಡು ಜೀವಕೋಶದಷ್ಟು ಮಾತ್ರ ದಪ್ಪ. ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದಲ್ಲಿ ಅದು ಊದಿ, ರಕ್ತನಾಳಗಳು ಹೆಚ್ಚಿ, ದಪ್ಪ ಮಾಂಸದ ಪದರವಾಗಿ ಕೀಲಿನೊಳಕ್ಕೆ ಹಬ್ಬುತ್ತದೆ. ಎಲುಬಿನ ತುದಿಗೆ ಮೃದ್ವಸ್ಥಿಯ ಟೊಪ್ಪಿಗೆ ಇರುತ್ತದೆಯಲ್ಲ, ಆ ಟೊಪ್ಪಿಗೆಯ ಅಂಚು ಮುಗಿದ ಮೇಲೆ, ಕೀಲಿನ ಚೀಲ ಅಂಟಿಕೊಳ್ಳುವ ಮೊದಲು, ಎಲುಬು ಯಾವ ರಕ್ಷಣೆಯೂ ಇಲ್ಲದೆ ಬರಿದಾಗಿರುವ ಒಂದು ಸಣ್ಣ ಪಟ್ಟಿ ಉಳಿಯುತ್ತದೆ. ಆ ಪೊರೆ ಮೊದಲು ಕಚ್ಚುವುದು ಅಲ್ಲಿಯೇ. ಇಲಿ ಕಡಿದ ರೊಟ್ಟಿಯ ಅಂಚಿನಂತೆ ಅಲ್ಲಿ ಒಂದು ಕಚ್ಚು ಬಿದ್ದ ಮೇಲಷ್ಟೇ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ. ಅಂದರೆ ಕೈಯ ಎಕ್ಸ್‌ರೇ ನಾರ್ಮಲ್ ಇದ್ದರೆ ‘ಎಲುಬಿಗೆ ಇನ್ನೂ ಹಾನಿ ಕಾಣುತ್ತಿಲ್ಲ’ ಎಂದಷ್ಟೇ ತಿಳಿಯಬೇಕು. ‘ರೋಗವಿಲ್ಲ’ ಎಂದು ಅದನ್ನು ಓದುವುದು ಹೊಗೆ ಕಂಡರೂ ಗೋಡೆ ಬಿದ್ದಿಲ್ಲವೆಂದು ಸುಮ್ಮನಿರುವಂತೆ.

ಹಾಗೆಂದು ಎಕ್ಸ್‌ರೇಯನ್ನು ಬದಿಗಿಡಬೇಕೆಂದು ನಾನು ಹೇಳುವುದಿಲ್ಲ. ಅಗ್ಗ, ಎಲ್ಲೆಡೆ ಸಿಗುತ್ತದೆ, ಕೈಯ ಚಿತ್ರಕ್ಕೆ ತಗಲುವ ವಿಕಿರಣ ಬಹಳ ಕಡಿಮೆ. ಮಣ್ಣಿನಿಂದ, ಆಕಾಶದಿಂದ ಹೇಗೂ ನಮ್ಮ ಮೈಗೆ ಬೀಳುವ ವಿಕಿರಣದ ಕೆಲವು ತಾಸಿನ ಪಾಲಿಗಿಂತ ಹೆಚ್ಚಲ್ಲ. ಆದರೆ ತೆಗೆಯುವ ರೀತಿಯಲ್ಲಿ ತೆಗೆಯಬೇಕು. ನೋಯುವ ಒಂದು ಕೈಯಲ್ಲ, ಎರಡೂ ಕೈ ಮತ್ತು ಎರಡೂ ಪಾದ ಬೇಕು. ಪಾದ ಏಕೆಂದರೆ, ಕಿರುಬೆರಳಿನ ಬುಡದ ಐದನೆಯ ಎಲುಬಿನ ತಲೆಯಲ್ಲಿ ಎಷ್ಟೋ ಸಲ ಕೈಗಿಂತ ಮೊದಲೇ ಕಚ್ಚು ಬಿದ್ದಿರುತ್ತದೆ, ರೋಗಿಗೆ ಕಾಲು ನೋವೇ ಇಲ್ಲದಿದ್ದರೂ. ಹಸ್ತವನ್ನು ಮಗುಚಿ ಚಪ್ಪಟೆಯಾಗಿ ಇಟ್ಟು ತೆಗೆಯುವ ಮಾಮೂಲಿ ಚಿತ್ರದ ಜೊತೆಗೆ ಇನ್ನೊಂದು ಭಂಗಿ ಇದೆ. ಡೆನ್ಮಾರ್ಕಿನ ನೋರ್ಗಾರ್ ಎಂಬ ವೈದ್ಯರು 1965ರಲ್ಲಿ ಅದನ್ನು ವಿವರಿಸಿದರು. ಇಂಗ್ಲಿಷಿನವರು ಅದನ್ನು ಬಾಲ್ ಕ್ಯಾಚರ್ ಭಂಗಿ ಎನ್ನುತ್ತಾರೆ. ನಮ್ಮ ಕಡೆ ಚೆಂಡಿನ ಉದಾಹರಣೆ ಕೊಟ್ಟರೆ ಅಜ್ಜಿಯರು ಕೈ ಮೇಲೆತ್ತಿ ನಿಲ್ಲುತ್ತಿದ್ದರು. ‘ತೀರ್ಥಕ್ಕೆ ಬೊಗಸೆ ಒಡ್ಡಿದಂಗ ಹಿಡೀರಿ’ ಎಂದರೆ ಸರಿಯಾಗಿ ಹಿಡಿಯುತ್ತಿದ್ದರು. ಹಾಗೆ ಬೊಗಸೆಯನ್ನು ಅರೆ ತೆರೆದು, ಕೈಯ ಹಿಂಬದಿಯನ್ನು ಓರೆಯಾಗಿ ಪ್ಲೇಟಿಗೆ ತಾಗಿಸಿದಾಗ ಬೆರಳಿನ ಬುಡದ ಗೆಣ್ಣುಗಳ ಪಕ್ಕದ ಅಂಚು ಬಯಲಾಗುತ್ತದೆ. ಚಪ್ಪಟೆ ಚಿತ್ರದಲ್ಲಿ ಅಡಗಿದ್ದ ಕಚ್ಚು ಅಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಖರ್ಚೂ ಇಲ್ಲ, ಎರಡು ನಿಮಿಷದ ಸಹನೆ ಸಾಕು. ಬಳೆ, ಕಾಲುಂಗುರಗಳ ವಿಷಯದಲ್ಲಿಯೂ ಸಹನೆ ಬೇಕು. ಬಾತ ಬೆರಳಿನಿಂದ ಕಾಲುಂಗುರ ಬರುವುದಿಲ್ಲ, ಮುತ್ತೈದೆಯರು ಬಳೆ ಬಿಚ್ಚಲು ಒಪ್ಪುವುದಿಲ್ಲ. ಕೆಲವರು ಮೊಳಕೈವರೆಗೆ ಬಳೆ ಸರಿಸಿ ದಾರದಿಂದ ಕಟ್ಟಿಕೊಂಡರೂ ಕೆಲಸವಾಗುತ್ತದೆ ಎಂಬುದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇನ್ನು ಆ ಊದಿದ ಪೊರೆಯನ್ನೇ ನೋಡಬೇಕೆಂದರೆ ಅಲ್ಟ್ರಾಸೌಂಡ್ ಬೇಕು. ನಮ್ಮ ಜನರ ಬಾಯಲ್ಲಿ ‘ಸ್ಕ್ಯಾನಿಂಗ್’ ಎಂದರೆ ಬಸಿರಿ ಹೆಂಗಸಿನ ಹೊಟ್ಟೆ ನೋಡುವ ಯಂತ್ರ. ಅದರಿಂದಲೇ ಬೆರಳಿನ ಕೀಲು ನೋಡಬಹುದೆಂದರೆ ಓದಿದವರೂ ಹುಬ್ಬೇರಿಸುತ್ತಾರೆ. ಮೈಗೆ ತಾಗಿಸಿ ಹಿಡಿಯುವ ಭಾಗಕ್ಕೆ ಪ್ರೋಬ್ ಎನ್ನುತ್ತಾರೆ; ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಬದಲು ಹೆಚ್ಚಿನ ಕಂಪನಾಂಕದ ನೇರವಾದ ಲೀನಿಯರ್ ಪ್ರೋಬ್ ಹಾಕಿದರೆ ಚರ್ಮದಿಂದ ಒಂದೆರಡು ಸೆಂಟಿಮೀಟರ್ ಒಳಗಿನ ಕೀಲು, ನರ, ಸ್ನಾಯುರಜ್ಜುಗಳೆಲ್ಲ ಬಹಳ ಸೂಕ್ಷ್ಮವಾಗಿ ಕಾಣುತ್ತವೆ. ನಾನು ಆ ಹೆಣ್ಣುಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ಪರೀಕ್ಷೆ ಮಾಡಿದ ವೈದ್ಯೆ ಗೆಣ್ಣಿನ ಮೇಲೆ ಜೆಲ್ಲನ್ನು ಗುಡ್ಡೆಯಾಗಿ ಸುರಿದು, ಪ್ರೋಬನ್ನು ಚರ್ಮಕ್ಕೆ ಒತ್ತದೆ ಆ ಜೆಲ್ಲಿನಲ್ಲಿ ತೇಲಿಸಿ ಹಿಡಿದಿದ್ದರು. ಒತ್ತಿದರೆ ಸಣ್ಣ ರಕ್ತನಾಳಗಳು ಚಪ್ಪಟೆಯಾಗಿ, ಇದ್ದ ಉರಿಯೂತವೂ ಮಾಯವಾದಂತೆ ಕಾಣುತ್ತದೆಯಂತೆ. ಮೊದಲು ಪರದೆಯಲ್ಲಿ ಕಂಡದ್ದು ಬಿಳಿ ಗೆರೆಯಂಥ ಎಲುಬು, ಅದರ ಮೇಲೆ ಕಪ್ಪು-ಬೂದು ಬಣ್ಣದ ಉಬ್ಬಿದ ಚೀಲ. ಪವರ್ ಡಾಪ್ಲರ್ ಎಂಬ ಗುಂಡಿ ಒತ್ತಿದೊಡನೆ ಆ ಬೂದಿಯ ನಡುವೆ ಕೆಂಪು-ಕಿತ್ತಳೆ ಚುಕ್ಕಿಗಳು ನಾಡಿಯ ಬಡಿತದ ಲೆಕ್ಕಕ್ಕೆ ಮಿಣುಗತೊಡಗಿದವು. ಅದು ಪೊರೆಯೊಳಗೆ ಹರಿಯುತ್ತಿದ್ದ ರಕ್ತ. ತೋರುಬೆರಳಿನ ಬುಡದ ಎಲುಬಿನ ಬದಿಯಲ್ಲಿ, ಬಿಳಿ ಗೆರೆ ಒಂದು ಕಡೆ ಮುರಿದು ಒಳಕ್ಕೆ ತಗ್ಗಿತ್ತು. ಎಕ್ಸ್‌ರೇಯಲ್ಲಿ ಕಾಣದ ಕಚ್ಚು ಅದು. ಮೂವತ್ತು ವರ್ಷ ಎಲುಬಿನ ನೆರಳನ್ನೇ ನೋಡಿದ ನನಗೆ ಆ ಕೆಂಪು ಚುಕ್ಕಿಗಳಿಂದ ಕಣ್ಣು ಕೀಳಲಾಗಲಿಲ್ಲ. ರಕ್ತಪರೀಕ್ಷೆಯೂ ಅದಕ್ಕೆ ಹೊಂದಿತು. ವಾರಕ್ಕೊಮ್ಮೆ ಮಾತ್ರ ನುಂಗುವ ಗುಳಿಗೆ ಶುರುವಾಗಿ ಈಗ ಎರಡು ತಿಂಗಳಾಗಿದೆ.

ಇದು ಗದಗದಲ್ಲೇ ಏಕೆ ಆಗಲಿಲ್ಲ ಎಂಬುದು ನನ್ನ ಪ್ರಶ್ನೆ. ಯಂತ್ರಗಳು ಇಲ್ಲಿಯೂ ಇವೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕಾರಣ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು, ಎಲ್ಲೆಂದರಲ್ಲಿ ಒಯ್ಯುವಂತಿಲ್ಲ. ಆ ಕಾಯ್ದೆ ಬೇಕೇ ಬೇಕು, ಅದರಲ್ಲಿ ಕೂದಲೆಳೆಯ ಸಡಿಲಿಕೆಯನ್ನೂ ನಾನು ಕೇಳುವುದಿಲ್ಲ. ಆದರೆ ನೋಂದಣಿಯಾದ ಯಂತ್ರದಲ್ಲಿ, ನೋಂದಣಿಯಾದ ಕೋಣೆಯಲ್ಲಿ, ಅರ್ಹ ವೈದ್ಯರು ಬೆರಳಿನ ಕೀಲು ನೋಡುವುದಕ್ಕೆ ಅಡ್ಡಿ ಏನಿದೆ? ಇರುವ ಅಡ್ಡಿ ಎಂದರೆ ಸರದಿ. ನಲವತ್ತು ಗರ್ಭಿಣಿಯರು ಸಾಲಿನಲ್ಲಿ ಕುಳಿತಿರುವಾಗ ಇಪ್ಪತ್ತು ನಿಮಿಷ ಹಿಡಿಯುವ ಕೈಪರೀಕ್ಷೆಗೆ ಯಾವ ವೈದ್ಯರಿಗೂ ಪುರಸೊತ್ತು ಸಿಗುವುದಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನವನ್ನು ಕೀಲುಗಳಿಗೆಂದೇ ತೆಗೆದಿಟ್ಟರೆ ಮಾತ್ರ ಇದಕ್ಕೆ ದಾರಿ ಇದೆ.

ಎಂಆರ್‌ಐ ಬಗ್ಗೆ ನನಗೆ ಮನೆಯ ಅನುಭವವೇ ಇದೆ. ನನ್ನ ಅಕ್ಕನ ಮಗ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುತ್ತಾನೆ, ಇಪ್ಪತ್ತಾರು ವಯಸ್ಸು. ಸೊಂಟನೋವು ಬಂದಾಗ ಚೀಲ ಎತ್ತಿದ್ದಕ್ಕೆ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೆ ಅವನಿಗೆ ನೋವು ಹೆಚ್ಚಾಗುತ್ತಿದ್ದುದು ಚೀಲ ಎತ್ತುವಾಗ ಅಲ್ಲ, ಬೆಳಗಿನ ಜಾವ ಮೂರಕ್ಕೆ. ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರೆ ಹಗುರವಾಗುತ್ತಿತ್ತು. ಮೂರು ವರ್ಷದಲ್ಲಿ ಎರಡು ಸಲ ಬೆನ್ನಿನ ಎಂಆರ್‌ಐ ಆಯಿತು. ಎರಡು ಸಲವೂ ‘ಡಿಸ್ಕ್ ಸ್ವಲ್ಪ ಉಬ್ಬಿದೆ’ ಎಂಬ ವರದಿ ಬಂತು. ಡಿಸ್ಕ್ ಸ್ವಲ್ಪ ಉಬ್ಬಿರುವುದು ನೋವೇ ಇಲ್ಲದ ಎಷ್ಟೋ ಜನರ ಬೆನ್ನಿನಲ್ಲಿಯೂ ಕಾಣುತ್ತದೆ. ಆ ಎರಡೂ ಸ್ಕ್ಯಾನುಗಳಲ್ಲಿ ನೋಡಬೇಕಾಗಿದ್ದ ಜಾಗ, ಅಂದರೆ ಬೆನ್ನುಮೂಳೆಯ ಬುಡ ಮತ್ತು ಸೊಂಟದ ಎಲುಬು ಕೂಡುವ ಸೇಕ್ರೋಇಲಿಯಾಕ್ ಕೀಲು, ಚಿತ್ರದ ಚೌಕಟ್ಟಿನೊಳಗೆ ಬಂದೇ ಇರಲಿಲ್ಲ.

ಮೂರನೆಯ ಸಲ ಒಬ್ಬ ತಿಳಿದ ವೈದ್ಯರು ಆ ಕೀಲಿನ ಚಿತ್ರವನ್ನೇ, ಅದರ ಓರೆಗೆ ಸರಿಯಾಗಿ, ಎಸ್‌ಟಿಐಆರ್ ಎಂಬ ವಿಧಾನದಲ್ಲಿ ತೆಗೆಯುವಂತೆ ಚೀಟಿ ಬರೆದರು. ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೊ ತರಂಗದಿಂದ ಮೈಯೊಳಗಿನ ನೀರು, ಕೊಬ್ಬುಗಳಲ್ಲಿರುವ ಜಲಜನಕದ ಕಣಗಳನ್ನು ತಟ್ಟಿ ಎಬ್ಬಿಸಿ, ಅವು ಮರಳಿ ನೆಲೆಗೊಳ್ಳುವಾಗ ಕೊಡುವ ಸಂಕೇತದಿಂದ ಚಿತ್ರ ಕಟ್ಟುತ್ತಾರೆ. ಈ ವಿದ್ಯೆಗಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಎಲುಬಿನ ಮಜ್ಜೆಯಲ್ಲಿ ಕೊಬ್ಬು ತುಂಬಿರುವುದರಿಂದ ಮಾಮೂಲಿ ಚಿತ್ರದಲ್ಲಿ ಕೊಬ್ಬಿನ ಬೆಳಕೇ ಹೆಚ್ಚಾಗಿ, ಉರಿಯೂತದಿಂದ ಸೇರಿದ ನೀರು ಅದರಲ್ಲಿ ಮುಚ್ಚಿಹೋಗುತ್ತದೆ. ಎಸ್‌ಟಿಐಆರ್ ವಿಧಾನ ಕೊಬ್ಬಿನ ದೀಪವನ್ನು ಆರಿಸಿ ನೀರಿನ ದೀಪವನ್ನು ಮಾತ್ರ ಉಳಿಸುತ್ತದೆ. ಹುಡುಗನ ಚಿತ್ರದಲ್ಲಿ ಕೀಲಿನ ಎರಡೂ ಬದಿಗೆ ಸುಣ್ಣ ಚೆಲ್ಲಿದಂತೆ ಬಿಳುಪು ಹರಡಿತ್ತು. ಬೆನ್ನುಮೂಳೆ, ಸೊಂಟದ ಕೀಲುಗಳಲ್ಲಿ ಉರಿಯೂತವಾಗಿ ಬೆನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಕಾಯಿಲೆ. ಅದನ್ನು ಗುರುತಿಸಲು 1984ರ ಮಾನದಂಡದ ಪ್ರಕಾರ ಎಕ್ಸ್‌ರೇಯಲ್ಲಿ ಕೀಲು ಕೆಟ್ಟಿರುವುದು ಕಾಣಲೇಬೇಕಿತ್ತು, ಅದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. 2009ರ ಮಾನದಂಡ ಎಂಆರ್‌ಐಯಲ್ಲಿ ಕಾಣುವ ಉರಿಯೂತವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ನಲವತ್ತೈದರೊಳಗೆ ಶುರುವಾಗಿ ಮೂರು ತಿಂಗಳು ಮೀರಿದ ಸೊಂಟನೋವಿಗೆ ಬೆನ್ನಿನ ಎಂಆರ್‌ಐ ಮಾಡುವಾಗ ಈ ಕೀಲಿನ ಒಂದು ಚಿತ್ರಸರಣಿಯನ್ನು ಸೇರಿಸಿದರೆ ಹೆಚ್ಚು ಹಿಡಿಯುವುದು ಕೆಲವೇ ನಿಮಿಷ. ಹುಡುಗ ಮೂರು ವರ್ಷ ಕಳೆದುಕೊಂಡ. ಯಾವ ಕೇಂದ್ರ, ಯಾರ ವರದಿ ಎಂಬುದು ಇಲ್ಲಿ ಬೇಡ. ಚೀಟಿಯಲ್ಲಿ ‘ಬೆನ್ನು’ ಎಂದು ಬರೆದಿತ್ತು, ಅವರು ಬೆನ್ನನ್ನೇ ತೆಗೆದರು.

ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಇನ್ನೂ ಆಳವಾಗಿರುವುದಕ್ಕೆ ಒಂದು ಸ್ಥಳೀಯ ಕಾರಣವಿದೆ. ಮುಂಡರಗಿ ಕಡೆಯ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಬಿಗಿಯುತ್ತದೆ, ಕತ್ತು ತಿರುಗುವುದಿಲ್ಲ; ನೋಡಿದರೆ ಸ್ಪಾಂಡಿಲೈಟಿಸ್ ರೋಗಿಯ ಹಾಗೆಯೇ ಇರುತ್ತಾರೆ. ಇಲ್ಲಿ ಮಾತ್ರ ಹಳೆಯ ಎಕ್ಸ್‌ರೇಯೇ ರಾಜ. ಎಲುಬುಗಳು ಸೀಮೆಸುಣ್ಣದಂತೆ ಬೆಳ್ಳಗೆ ಕಾಣುತ್ತವೆ, ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿ ಮುಳ್ಳಿನಂತೆ ಚಾಚಿಕೊಂಡಿರುತ್ತದೆ. ಬೆನ್ನಿನ ಚಿತ್ರದ ಜೊತೆಗೆ ಮುಂಗೈಯದೊಂದು ಚಿತ್ರ ತೆಗೆದರೆ ಫ್ಲೋರೋಸಿಸ್ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಆದರೆ ಇದರ ಅಡ್ಡ ಪರಿಣಾಮವೂ ಉಂಟು. ಆ ಭಾಗದ ಹರೆಯದ ಹುಡುಗ ಸೊಂಟ ಹಿಡಿದುಕೊಂಡು ಬಂದರೆ ‘ನೀರಿನ ದೋಷ’ ಎಂದು ಚಿತ್ರವನ್ನೂ ತೆಗೆಯದೆ ಕಳಿಸಿದ್ದನ್ನು ನಾನು ಕಂಡಿದ್ದೇನೆ. ತುಂಗಭದ್ರೆಯ ನೀರು ಕುಡಿದು ಬೆಳೆದ ಹುಡುಗರಿಗೂ ಅದೇ ಉತ್ತರ. ಹಾಗೆಯೇ 2006ರಲ್ಲಿ ರಾಜ್ಯದಲ್ಲೆಲ್ಲ ಚಿಕೂನ್‌ಗುನ್ಯಾ ಹಬ್ಬಿದ ಮೇಲೆ, ವರ್ಷಗಳ ಕಾಲ ಯಾವ ಕೀಲು ಬಾತರೂ ‘ಅದು ಚಿಕೂನ್‌ಗುನ್ಯಾದ್ದು’ ಎಂಬ ಮಾತು ಚಾಲ್ತಿಯಲ್ಲಿತ್ತು. ಆ ಜ್ವರ ತಿಂಗಳುಗಟ್ಟಲೆ ಕೀಲುನೋವು ಉಳಿಸಿಹೋಗುವುದು ನಿಜ. ಆದರೆ ಆ ಹಣೆಪಟ್ಟಿಯ ಅಡಿಯಲ್ಲಿ ಎಷ್ಟು ರುಮಟಾಯ್ಡ್ ಕೈಗಳು ಸೊಟ್ಟಗಾದವೋ.

ಸಿಟಿ ಸ್ಕ್ಯಾನಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎಲುಬಿನ ವಿವರಕ್ಕೆ ಅದು ಎಲ್ಲಕ್ಕಿಂತ ಉತ್ತಮ, ವಿಕಿರಣ ಹೆಚ್ಚು, ಊದಿದ ಪೊರೆಯನ್ನು ಕಾಣಿಸುವುದರಲ್ಲಿ ಎಂಆರ್‌ಐಗೆ ಸಮನಲ್ಲ. ಎರಡು ಬಗೆಯ ಶಕ್ತಿಯ ಕಿರಣ ಬಳಸುವ ಹೊಸ ಸಿಟಿಯಲ್ಲಿ ಗೌಟ್ ಕಾಯಿಲೆಯ ಯೂರಿಕ್ ಆಮ್ಲದ ಹರಳುಗಳು ಬೇರೆ ಬಣ್ಣದಲ್ಲಿ ತೋರುತ್ತವೆ ಎಂಬುದೊಂದು ಸೊಗಸು.

ಗದಗ, ಹಾವೇರಿ ಎರಡರಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಿಮ್ಸ್ ಎಂದು ಹೆಸರಾಗಿದ್ದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದ ಇದೆ. ಈ ಕಾಲೇಜುಗಳ ಅಂಗರಚನಾ ವಿಭಾಗದಲ್ಲಿ ಮೊದಲ ವರ್ಷದ ಮಕ್ಕಳು ಶವದ ಕೈಯಲ್ಲಿ ಇಪ್ಪತ್ತೇಳು ಎಲುಬು ಎಣಿಸಿ ಕಲಿಯುತ್ತಾರೆ. ಆದರೆ ಶವದಲ್ಲಿ ಸೈನೋವಿಯಂ ಪೊರೆ ಬಾಡಿ ಅಂಟಿಹೋಗಿರುತ್ತದೆ, ಅದರಲ್ಲಿ ರಕ್ತ ಹರಿಯುವುದಿಲ್ಲ, ಕೀಲು ಮಡಚುವುದಿಲ್ಲ. ಒಬ್ಬ ವಿದ್ಯಾರ್ಥಿ ತನ್ನದೇ ಮಣಿಕಟ್ಟಿನ ಮೇಲೆ ಲೀನಿಯರ್ ಪ್ರೋಬ್ ಇಟ್ಟುಕೊಂಡು ಬೆರಳಾಡಿಸಿದರೆ ಸ್ನಾಯುರಜ್ಜುಗಳು ಹಗ್ಗದಂತೆ ಸರಿಯುವುದನ್ನು ಕಣ್ಣಾರೆ ನೋಡುತ್ತಾನೆ. ಒಮ್ಮೆ ಹಾಗೆ ನೋಡಿದವನು ಮುಂದೆ ವೈದ್ಯನಾಗಿ ಚೀಟಿ ಬರೆಯುವಾಗ ‘ಬಲಗೈ ನೋವು’ ಎಂದಷ್ಟೇ ಬರೆಯಲಾರ ಎಂದು ನನ್ನ ನಂಬಿಕೆ.

ಆ ಚೀಟಿಯನ್ನೇ ಮೊದಲು ಸರಿಮಾಡಬೇಕು ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ. ಯಾವ ಯಾವ ಕೀಲು, ಎಷ್ಟು ದಿನದಿಂದ, ಬೆಳಗಿನ ಬಿಗಿತ ಎಷ್ಟು ಹೊತ್ತು ಎಂಬ ಮೂರು ಸಾಲುಗಳನ್ನು ಮುದ್ರಿತ ಚೀಟಿಯಲ್ಲಿ ಸೇರಿಸಿದರೆ ಚಿತ್ರ ತೆಗೆಯುವವನಿಗೆ ಏನು ಹುಡುಕಬೇಕೆಂದು ತಿಳಿಯುತ್ತದೆ, ವರದಿ ಬರೆಯುವವರಿಗೂ ‘ನಾರ್ಮಲ್’ ಎಂದು ಒಂದೇ ಪದದಲ್ಲಿ ಮುಗಿಸಲು ಕೈ ಬರುವುದಿಲ್ಲ. ರುಮಟಾಯ್ಡ್ ಸಂಧಿವಾತಕ್ಕೆ 1987ರಲ್ಲಿ ಮಾಡಿದ ಏಳು ಅಂಶಗಳ ಪಟ್ಟಿಯಲ್ಲಿ ಎಕ್ಸ್‌ರೇ ಬದಲಾವಣೆಯೂ ಒಂದಾಗಿತ್ತು. 2010ರ ಪಟ್ಟಿಯಲ್ಲಿ ಅದಕ್ಕೆ ಅಂಕವೇ ಇಲ್ಲ, ಬದಲಿಗೆ ಬಾತ ಕೀಲುಗಳನ್ನು ಎಣಿಸುವಾಗ ಅಲ್ಟ್ರಾಸೌಂಡ್, ಎಂಆರ್‌ಐಗಳ ನೆರವು ಪಡೆಯಬಹುದೆಂದು ಇದೆ. ಎಲುಬು ಕೆಡುವ ಮೊದಲೇ ರೋಗ ಹಿಡಿಯಬೇಕೆಂಬುದೇ ಆ ತಿದ್ದುಪಡಿಯ ಉದ್ದೇಶ. ನಮ್ಮ ಚೀಟಿಗಳು ಮಾತ್ರ ನಾನು ಕೆಲಸಕ್ಕೆ ಸೇರಿದಾಗ ಇದ್ದ ಹಾಗೆಯೇ ಇವೆ.

ಕೊನೆಯದಾಗಿ ಒಂದು ಮಾತು. ಹಳೆಯ ಫಿಲ್ಮುಗಳನ್ನು ಬೆಳ್ಳಿಯ ಆಸೆಗೆ ಗುಜರಿಯವರು ತೂಕದ ಮೇಲೆ ಒಯ್ಯುತ್ತಿದ್ದ ದಿನಗಳಲ್ಲಿ, ಆಗಿನ ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ರೋಗಿಗಳ ಹೆಸರು ಕತ್ತರಿಸಿ ತೆಗೆದು, ನೂರರಷ್ಟು ಕೈಕಾಲಿನ ಚಿತ್ರಗಳನ್ನು ನಾನು ಎತ್ತಿಟ್ಟಿದ್ದೇನೆ. ಬೊಗಸೆ ಭಂಗಿಯವು, ಮುಂಗೈಯಲ್ಲಿ ಸುಣ್ಣ ಕಟ್ಟಿದವು, ಕಿರುಬೆರಳಿನ ಬುಡದಲ್ಲಿ ಕಚ್ಚು ಬಿದ್ದವು, ಬಳೆಯ ಅಡ್ಡ ನೆರಳಿನಿಂದ ಕೆಟ್ಟವು ಎಲ್ಲ ಅದರಲ್ಲಿವೆ. ಪಾಠಕ್ಕೆ ಬೇಕೆನ್ನುವ ಯಾವುದೇ ಕಾಲೇಜಿನವರು ಪತ್ರಿಕೆಯ ಮೂಲಕ ತಿಳಿಸಿದರೆ ಕೊಡಲು ಸಿದ್ಧನಿದ್ದೇನೆ. ಜೊತೆಗೆ ಅವನ್ನು ನೋಡುವ ಲೈಟ್‌ಬಾಕ್ಸೂ ಇದೆ. ಒಂದು ಟ್ಯೂಬ್ ಮಾತ್ರ ಬದಲಿಸಬೇಕು.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಎಕ್ಸ್‌ರೇ ತಂತ್ರಜ್ಞ,
ಗದಗ-ಬೆಟಗೇರಿ